ಕಟಪಾಡಿಯಲ್ಲಿ ಹತ್ತುವ ದೀಪ

"ಬಂತು," ಎಂದ ಅಣ್ಣ.

ಹಾಗೆ ಹೇಳುವಾಗಲೆಲ್ಲ ಅವನ ಧ್ವನಿಯಲ್ಲಿ ಒಂದು ಬಗೆಯ ಸಮಾಧಾನ ಇದ್ದಂತೆ ನನಗೆ ಕೇಳುತ್ತಿತ್ತು. ಬರುತ್ತೇನೆ ಎಂದ ನೆಂಟರು ಹೇಳಿದ ಹೊತ್ತಿಗೇ ಬಂದ ಹಾಗೆ. ನಾನು ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದರೆ ಅವನು ಪಕ್ಕದ ಸೀಟಿನಿಂದ ಕುತ್ತಿಗೆ ಓರೆ ಮಾಡಿ ಮೀಟರಿನ ಕಡೆಗೇ ನೋಡುತ್ತಿದ್ದ. ಕಾಪುವಿನಿಂದ ಹೊರಟು ಹೆದ್ದಾರಿ ಹಿಡಿದು ಕಟಪಾಡಿ ದಾಟುವಷ್ಟರಲ್ಲಿ ಆ ಹಳದಿ ದೀಪ ಹತ್ತುತ್ತಿತ್ತು. ಅದು ಎಂಜಿನಿನ ಚಿತ್ರವಂತೆ. ನನ್ನ ಕಣ್ಣಿಗೆ ದೇವರ ಕೋಣೆಯ, ನೀರು ಬೀಳುವ ಮೂತಿಯ ಹಳೆಯ ಗಿಂಡಿಯ ಹಾಗೆ ಕಾಣುತ್ತಿತ್ತು. ಏನೇ ಇರಲಿ, ಬೆಳಗ್ಗೆ ಬೆಳಗ್ಗೆ ಅದರ ಮುಖ ನೋಡುವುದು ನನಗೆ ಬೇಡವಾಗಿತ್ತು.

"ತಿರುಗಿಸು ಮಾರಾಯ್ತಿ. ಇವತ್ತು ಬೇಡ. ದಾರಿಯಲ್ಲಿ ಕೈಕೊಟ್ಟರೆ ಎಂತ ಮಾಡುವುದು?"

"ಸುಮ್ಮನೆ ಕೂತುಕೋ," ಎನ್ನುತ್ತಿದ್ದೆ ನಾನು.

ವಾರಕ್ಕೆ ಮೂರು ದಿನ ಇದೇ ನಾಟಕ. ಅಣ್ಣನ ಮೂತ್ರಪಿಂಡ ಎರಡೂ ಕೈಚೆಲ್ಲಿ ಕುಳಿತ ಮೇಲೆ ನಮ್ಮ ವಾರಕ್ಕೆ ಬೇರೆ ಆಕಾರವೇ ಇಲ್ಲ. ಮಂಗಳವಾರ, ಗುರುವಾರ, ಶನಿವಾರ ಮಣಿಪಾಲ. ಉಳಿದ ದಿನಗಳಲ್ಲಿ ಮಣಿಪಾಲಕ್ಕೆ ಹೋಗಿ ಬಂದ ಸುಸ್ತು. ಬೆಳಗಿನ ಪಾಳಿಯ ಡಯಾಲಿಸಿಸ್‌ಗೆ ಏಳು ಗಂಟೆಗೆ ಮೊದಲು ಹಾಸಿಗೆಯ ಮೇಲಿರಬೇಕು. ಬಸ್ಸಿನಲ್ಲಿ ಹೋಗುವಾಗ ಹೇಗೋ ಹೋಗಬಹುದು, ಬರುವಾಗ ಅವನಿಗೆ ನಿಲ್ಲಲಿಕ್ಕೂ ಆಗುವುದಿಲ್ಲ. ಹಾಗಾಗಿ ಈ ಕಾರು. ಕಾರು ನಿಂತರೆ ಅವನು ನಿಲ್ಲುತ್ತಾನೆ ಎನ್ನುವುದು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಒಂದು ಸಲ ತಪ್ಪಿಸಿದರೆ ಎರಡನೆಯ ಸಲ ತಪ್ಪಿಸುವುದು ಸುಲಭ, ಅವನು ಆ ಮೊದಲ ಸಲಕ್ಕೇ ಕಾಯುತ್ತಿದ್ದಾನೆ ಎಂದು ನನಗೆ ಹೆದರಿಕೆ. ಈ ದೀಪ ಅವನ ಕೈಗೆ ಒಳ್ಳೆಯ ನೆಪ ಕೊಟ್ಟಿತ್ತು.

ಅಣ್ಣ ತಂಗಿ ನಾವಿಬ್ಬರೂ ಮದುವೆಯಾಗದೆ ಉಳಿದವರು. ಕಾರಣ ಕೇಳುವವರು ಈಗ ಕಡಿಮೆಯಾಗಿದ್ದಾರೆ, ಅದೊಂದು ನೆಮ್ಮದಿ. ನಾನು ಕಾರ್ಕಳದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕಾಪುವಿನಲ್ಲಿ ಸಮುದ್ರಕ್ಕೆ ಹತ್ತಿರದ ಓಣಿಯೊಂದರಲ್ಲಿ ನನ್ನ ಮನೆ. ಶಾಲೆಗೆ ಶಿರ್ವ, ಬೆಳ್ಮಣ್ಣು ದಾರಿಯಾಗಿ ಓಡಾಡಲು ಒಬ್ಬ ಬ್ಯಾಂಕಿನವರಿಂದ ಕೊಂಡ ಸಣ್ಣ ಬಿಳಿ ಕಾರು ಇದು. ಆಗಲೇ ಅದು ಹೊಸದಲ್ಲ. ಉಪ್ಪು ಗಾಳಿಗೆ ಕಿಟಕಿಯ ಸರಳು, ಗೇಟಿನ ಕೊಂಡಿ, ಕೊಡೆಯ ಕಡ್ಡಿ ಎಲ್ಲವೂ ತುಕ್ಕು ಹಿಡಿಯುವ ಊರಿನಲ್ಲಿ ಅದು ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಅಣ್ಣ ಬಸ್ ಡ್ರೈವರ್. ಉಡುಪಿ–ಕಾರ್ಕಳ ಮಾರ್ಗದ ಖಾಸಗಿ ಬಸ್ಸಿನಲ್ಲಿ ತಲೆಕೂದಲು ಹಣ್ಣಾಗುವವರೆಗೂ ದುಡಿದ. ಕಾರ್ಕಳದ ಬಸ್ ನಿಲ್ದಾಣದ ಹತ್ತಿರವೇ ಒಂದು ಬಾಡಿಗೆ ಕೋಣೆಯಲ್ಲಿದ್ದ. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ದೇವರಿಗಿಂತ ಟೈಮಿಂಗ್ ದೊಡ್ಡದು. ಸ್ವಲ್ಪ ತಡವಾದರೆ ಹಿಂದಿನ ಬಸ್ಸಿನವನು ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ನನಗೆ ಕಾರು ಕಲಿಸಿದ್ದೂ ಅವನೇ. ಕಲಿಸುವಾಗ ಅವನು ಬೈದ ಬೈಗುಳವನ್ನು ನಾನು ಮಕ್ಕಳಿಗೆ ಬೈದಿದ್ದರೆ ಶಾಲೆಯಿಂದ ಓಡಿಸುತ್ತಿದ್ದರು. "ಒತ್ತು, ಒತ್ತು! ಎಂತ ಮದುವೆ ದಿಬ್ಬಣ ಹೊರಟದ್ದಾ?" ಎಂದು ಆಕ್ಸಿಲರೇಟರ್ ತುಳಿಸಿದವನು ಅವನು. ಅದೇ ಮನುಷ್ಯ ಈಗ ಮಣಿಪಾಲಕ್ಕೆ ಹೋಗುವಾಗ, "ನಿಧಾನ ಹೋಗು, ಎಂತ ಅವಸರ ಉಂಟು?" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಕಾಯಿಲೆ ಬಿದ್ದು ನನ್ನ ಮನೆಗೆ ಬಂದ ಮೇಲೆ ಅವನಿಗೆ ಕೆಲಸ ಎಂದು ಉಳಿದದ್ದು ಕಾರಿನ ನೀರು, ಆಯಿಲ್ ನೋಡುವುದೊಂದೇ. ಡಯಾಲಿಸಿಸ್ ಇಲ್ಲದ ಸಂಜೆಗಳಲ್ಲಿ ಕಾರಿನ ಬಾಗಿಲು ತೆರೆದು ಒಳಗೆ ಕುಳಿತು ರೇಡಿಯೋ ಕೇಳುತ್ತಿದ್ದ. ಪಾಪ, ಸ್ಟೀರಿಂಗ್ ಹಿಡಿಯುವ ಚಪಲ ಎಂದುಕೊಂಡು ನಾನು ಅಡುಗೆಮನೆಯಿಂದಲೇ ಸುಮ್ಮನಾಗುತ್ತಿದ್ದೆ. ಬಾನೆಟ್ ಎತ್ತಿದ ಸದ್ದು, ಇಳಿಸಿದ ಸದ್ದು ಕೇಳಿಸುತ್ತಿತ್ತು. ಸೋಮವಾರದ ಸಂಜೆ ಮಾತ್ರ ಅವನಿಗೆ ಜೊತೆ ಇರುತ್ತಿತ್ತು. ಅವನ ಬಸ್ಸಿನಲ್ಲೇ ಇದ್ದ ಹಳೆಯ ಕಂಡಕ್ಟರ್ ಒಬ್ಬರು ಎಲ್ಲೂರಿನ ಶಿವನ ದೇವಸ್ಥಾನಕ್ಕೆ ಹೋಗಿ, ಬರುವಾಗ ಬಾಳೆಲೆಯ ಚೂರಿನಲ್ಲಿ ಸುತ್ತಿದ ಪ್ರಸಾದ ತಂದು ಕೊಡುತ್ತಿದ್ದರು. ಅವರು ಹೋದ ಮೇಲೆ ಅಣ್ಣ ನನ್ನ ಕಡೆ ನೋಡಿ, "ಇದರಿಂದ ಕಿಡ್ನಿ ಸರಿಯಾಗುವುದಾದರೆ ಮಣಿಪಾಲದವರು ಆಸ್ಪತ್ರೆ ಬಾಗಿಲು ಹಾಕಬೇಕಷ್ಟೆ," ಎಂದು ನಗುತ್ತಿದ್ದ. ಪ್ರಸಾದ ಕಿಟಕಿಯ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ಅಲ್ಲಿ ಇರುತ್ತಿರಲಿಲ್ಲ. ಗಿಡದ ಬುಡಕ್ಕೆ ಹಾಕಿರಬೇಕು ಎಂದುಕೊಂಡಿದ್ದೆ.

ದೀಪ ಮೊದಲು ಹತ್ತಿದ್ದು ಮಳೆಗಾಲ ಶುರುವಾದ ಹೊಸತರಲ್ಲಿ. ಕಾಪುವಿನಲ್ಲಿ ಹೆದ್ದಾರಿಯ ಪಕ್ಕ ಒಂದು ಗ್ಯಾರೇಜ್ ಉಂಟು, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳದ್ದು. ಅದನ್ನು ನಡೆಸುವವರು ನನಗಿಂತ ಸ್ವಲ್ಪ ಚಿಕ್ಕವರು, ಮಾತು ಕಡಿಮೆ. ಕಾರಿನ ಕೆಳಗೆ ಎಲ್ಲೋ ಒಂದು ವೈರು ಸಿಕ್ಕಿಸಿ ಕೈಯಲ್ಲಿದ್ದ ಸ್ಕ್ಯಾನರ್ ನೋಡಿದರು. ಎಂಜಿನಿಗೆ ಎಷ್ಟು ಗಾಳಿ ಹೋಗುತ್ತದೆ ಎಂದು ಹೇಳುವ ಒಂದು ಸೆನ್ಸರ್ ಉಂಟಂತೆ, ಅದು ಒಮ್ಮೆ ಹೇಳುತ್ತದೆ, ಒಮ್ಮೆ ಬಾಯಿ ಮುಚ್ಚುತ್ತದಂತೆ. ಬಾನೆಟ್ ಎತ್ತಿ ಏನೋ ಒತ್ತಿದರು, ಸ್ಕ್ಯಾನರಿನಲ್ಲಿ ಏನೋ ಅಳಿಸಿದರು. ದೀಪ ಹೋಯಿತು. ನಾನು ಆ ಹೊತ್ತಿನಲ್ಲಿ ಹಲಸಿನ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದೆ. ಬಾನೆಟ್ಟಿನ ಒಳಗೆ ಇಣುಕಿ ನೋಡುವ ಕುತೂಹಲ ನನಗೆ ಯಾವ ಕಾಲದಲ್ಲೂ ಇರಲಿಲ್ಲ. ಆ ದಿನಗಳಲ್ಲಂತೂ ಎಲ್ಲಿ ಕುರ್ಚಿ ಸಿಕ್ಕಿದರೂ ನಿದ್ದೆ.

ಒಂದು ವಾರ ಚೆನ್ನಾಗಿತ್ತು. ಮತ್ತೆ ಕಟಪಾಡಿಯಲ್ಲಿ, "ಬಂತು."

ಮತ್ತೆ ಗ್ಯಾರೇಜು. ಮತ್ತೆ ಒತ್ತುವುದು, ಅಳಿಸುವುದು. ಆಮೇಲೆ ಅದು ವಾರವೂ ಬಾಳಲಿಲ್ಲ. ಒಮ್ಮೆ ಅವರು ಬಾನೆಟ್ ಮುಚ್ಚಿ, ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ನಿಂತರು. ಏನೋ ಹೇಳಬೇಕೆಂದು ಬಂದವರ ಹಾಗಿತ್ತು.

"ಟೀಚರ್, ಅಣ್ಣ ಹೇಗಿದ್ದಾರೆ?"

"ಹಾಗೆಯೇ ಇದ್ದಾನೆ."

"ನೀವು ನಿಮ್ಮ ಪ್ರಾರ್ಥನೆ ಎಲ್ಲ ಮಾಡ್ತಾ ಇದ್ದೀರಿ ಅಲ್ವಾ. ಒಳ್ಳೆಯದಾಗ್ತದೆ."

ನನಗೆ ಸಿಟ್ಟು ಬಂತು. ಕಾರು ರಿಪೇರಿ ಮಾಡಲಿಕ್ಕೆ ಆಗದವರು ಪ್ರಾರ್ಥನೆಯ ಮಾತು ತೆಗೆದರೆ ಏನು ಅರ್ಥ? ನಾನು ಪ್ರಾರ್ಥನೆಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೂಂ ಎಂದು ಹೇಳಿ ಕಾರು ಹತ್ತಿದೆ.

ಆಗಸ್ಟಿನ ಒಂದು ಗುರುವಾರ ಅದು ನಿಜವಾಗಿ ಕೈಕೊಟ್ಟಿತು. ಕಟಪಾಡಿಯಲ್ಲಿ ದೀಪ ಬಂತು, ಉದ್ಯಾವರದ ಸೇತುವೆಯ ಮೇಲೆ ಕಾರು ಒಮ್ಮೆ ಜಗ್ಗಿತು, ಉಡುಪಿ ಪೇಟೆಯನ್ನು ಹೇಗೋ ದಾಟಿದೆವು. ಇಂದ್ರಾಳಿ ಕಳೆದು ಮಣಿಪಾಲದ ಏರು ಹತ್ತುವಾಗ ಎಷ್ಟು ತುಳಿದರೂ ಕಾರು ಮೇಲೇಳಲೊಲ್ಲದು. ಹಿಂದಿನಿಂದ ಬಸ್ಸಿನ ಹಾರ್ನ್. ಮಳೆ. ಕಾಲೇಜಿನ ಮಕ್ಕಳು ಸ್ಕೂಟರಿನಲ್ಲಿ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ಕೊನೆಗೆ ಬದಿಗೆ ತೆಗೆದು ನಿಲ್ಲಿಸಿದೆ. ಅಣ್ಣ ಸೂಜಿ ಚುಚ್ಚಿಸಿಕೊಳ್ಳುವ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಾರ್ನ್ ಹಾಕುತ್ತಿದ್ದ ಆ ಬಸ್ಸು ಮುಂದೆ ಹೋಗುವುದನ್ನು ನೋಡುತ್ತಿದ್ದ. ನಾನು ಮಳೆಯಲ್ಲಿ ನಿಂತು ರಿಕ್ಷಾಕ್ಕೆ ಕೈ ಬೀಸಿದೆ. ಮೂರು ರಿಕ್ಷಾಗಳು ನಿಲ್ಲಿಸಲೇ ಇಲ್ಲ.

ಆಸ್ಪತ್ರೆಯಲ್ಲಿ ತಡವಾಗಿ ಬಂದಿರಿ ಎಂದು ಯಾರೂ ಗದರಲಿಲ್ಲ. ನರ್ಸ್ ನನ್ನ ಒದ್ದೆ ಸೀರೆ ನೋಡಿ ಒರೆಸಿಕೊಳ್ಳಲು ಒಂದು ಬೈರಾಸು ಕೊಟ್ಟಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು. ಅಣ್ಣ ಹಾಸಿಗೆಯ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ.

"ಸಾಕು," ಎಂದ. "ನಾಡಿದ್ದಿನಿಂದ ಬೇಡ. ನಿಲ್ಲಿಸುವ."

"ಕಾರಾ?"

"ಎಲ್ಲ."

ಹೊರಗೆ ಬಂದು ಉದ್ದನೆಯ ಬೆಂಚಿನ ಮೇಲೆ ಕುಳಿತೆ. ಮೈಕೈ ನೋವು, ತಲೆಯೊಳಗೆ ಜುಮ್ಮೆನ್ನುವ ಆಯಾಸ. ನಿಜ ಹೇಳಬೇಕೆಂದರೆ, ಅವನು ಸಾಕು ಎಂದಾಗ ನನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಹಾಯೆನಿಸಿತು. ಶನಿವಾರ ಬೆಳಗ್ಗೆ ಐದಕ್ಕೆ ಏಳಬೇಕಾಗಿಲ್ಲ ಎಂದು. ಮರುಗಳಿಗೆಯೇ ಆ ಹಾಯೆನಿಸಿದ್ದಕ್ಕೆ ಹೇಸಿಗೆಯಾಯಿತು. ಕ್ಯಾಂಟೀನಿನಿಂದ ಚಹಾ ತಂದು ಕುಡಿದೆ, ಅದಕ್ಕೆ ರುಚಿಯೇ ಇರಲಿಲ್ಲ.

ಶನಿವಾರ ರಿಕ್ಷಾ ಮಾಡಿ ಕರೆದುಕೊಂಡು ಹೋದೆ. ಹೊರಡುವ ಮೊದಲು ಅರ್ಧ ಗಂಟೆ ಜಗಳ. ನಾನು ಗೇಟಿನ ಹತ್ತಿರ ಹೋಗಿ ನಿಂತು, "ನೀನು ಬಾರದಿದ್ದರೆ ನಾನು ಇಲ್ಲಿಯೇ ನಿಲ್ಲುತ್ತೇನೆ, ಅಕ್ಕಪಕ್ಕದವರೆಲ್ಲ ನೋಡಲಿ," ಎಂದೆ. ಅವನು ಬಂದು ಕುಳಿತ. ಹೀಗೆ ಹೆದರಿಸಿ ಒಬ್ಬರನ್ನು ಎಷ್ಟು ದಿನ ಬದುಕಿಸಿಡಲು ಆಗುತ್ತದೆ?

ಕಾರನ್ನು ಉಡುಪಿಯ ಕಂಪೆನಿ ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದದ್ದಾಗಿತ್ತು. ಅಲ್ಲಿ ಗಾಜಿನ ಕೋಣೆ, ಎಸಿ, ಕಾಫಿ ಮೆಷಿನ್. ಒಬ್ಬರು ಟೈ ಕಟ್ಟಿಕೊಂಡವರು ಬಂದು ಬಹಳ ಮರ್ಯಾದೆಯಿಂದ ಮಾತಾಡಿದರು.

"ಮೇಡಂ, ಗಾಡಿ ಹಳೆಯದು. ಸೆನ್ಸರ್ ಹೊಸದು ಹಾಕಿದ್ದೇವೆ. ಇನ್ನೂ ದೀಪ ಬಂದರೆ ವೈರಿಂಗ್ ಇಡೀ ಬದಲಾಯಿಸಬೇಕು. ಅದು ಈಗ ಬರುವುದಿಲ್ಲ."

"ಬರುವುದಿಲ್ಲ ಎಂದರೆ?"

"ಈ ಮಾಡೆಲಿಗೆ ಸಪ್ಲೈ ನಿಂತಿದೆ. ನೀವು ಒಂದು ಹೊಸ ಗಾಡಿ ನೋಡಬಹುದಲ್ವಾ?"

ಹೊಸ ಗಾಡಿಯ ಬಣ್ಣ ಬಣ್ಣದ ಕಾಗದವನ್ನೂ ಕೈಗೆ ಕೊಟ್ಟರು. ಕಾರನ್ನು ತೊಳೆದು ಒರೆಸಿ ಮದುಮಗಳ ಹಾಗೆ ನಿಲ್ಲಿಸಿದ್ದರು. ಹೊಸ ಸೆನ್ಸರ್ ಬಂದ ಮೇಲೆ ದೀಪ ಹತ್ತಲಿಲ್ಲ. ಎರಡು ವಾರ ನಾನು ಕಟಪಾಡಿ ದಾಟುವಾಗ ಉಸಿರು ಹಿಡಿದು, ಉದ್ಯಾವರದಲ್ಲಿ ಬಿಡುತ್ತಿದ್ದೆ. ಮೂರನೆಯ ವಾರದ ಮಂಗಳವಾರ ಅಣ್ಣ ಮೀಟರಿನ ಕಡೆ ಬೆರಳು ತೋರಿಸಿದ.

ಆ ಬುಧವಾರ ನಾನು ಒಬ್ಬಳೇ ಕಾರ್ಕಳಕ್ಕೆ ಹೊರಟೆ. ಅಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಒಬ್ಬರಿದ್ದಾರೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಅಣ್ಣನ ಬಸ್ಸಿನ ಲೈಟು, ಹಾರ್ನು ಎಲ್ಲ ನೋಡುತ್ತಿದ್ದವರು. ವಯಸ್ಸಾಗಿದೆ, ಆದರೂ ಅಂಗಡಿ ಮುಚ್ಚಿಲ್ಲ. ಅವರ ಕೈಯಲ್ಲೂ ಆಗದಿದ್ದರೆ ಕಾರನ್ನು ಗುಜರಿಗೆ ಕೊಡುವುದು, ಅಣ್ಣನಿಗೆ ನೀನು ಹೇಳಿದ ಹಾಗೆ ಆಗಲಿ ಎನ್ನುವುದು. ಶಿರ್ವ ದಾಟುವಾಗ ನಾನು ಹಾಗೆ ತೀರ್ಮಾನಿಸಿಬಿಟ್ಟಿದ್ದೆ. ಬೇಸತ್ತು ಮಾಡಿದ ತೀರ್ಮಾನ. ದಾರಿಯುದ್ದಕ್ಕೂ ದೀಪ ಒಮ್ಮೆಯೂ ಹತ್ತಲಿಲ್ಲ. ಡಾಕ್ಟರ ಎದುರು ಮಕ್ಕಳಿಗೆ ಕೆಮ್ಮು ಬರುವುದಿಲ್ಲವಲ್ಲ, ಹಾಗೆ. ಬೆಳ್ಮಣ್ಣಿನ ಹತ್ತಿರ ನಾನು ಅದಕ್ಕೆ ಬಾಯಿಬಿಟ್ಟು ಬೈದೆ.

ಅವರು ನನ್ನನ್ನು ಗುರುತು ಹಿಡಿದು, ಮೊದಲು ಅಣ್ಣನನ್ನು ವಿಚಾರಿಸಿ, ನಿಂಬೆ ಶರಬತ್ತು ತರಿಸಿ, ಆಮೇಲೆ ಬಾನೆಟ್ ಎತ್ತಿದರು. ನಾನು ಅಭ್ಯಾಸದಂತೆ ಕುರ್ಚಿ ಹುಡುಕಿದೆ. ಕುಳಿತು ಕಣ್ಣು ಮುಚ್ಚುವ ಮೊದಲೇ ಕರೆದರು.

"ಟೀಚರ್, ಒಮ್ಮೆ ಬನ್ನಿ. ಇದನ್ನು ನೀವೇ ಬಿಚ್ಚಿದರೆ ಒಳ್ಳೆಯದು."

"ಯಾವುದನ್ನು?"

"ನಾನು ಬೆಳಗ್ಗೆ ಮೀನು ತಿಂದು ಬಂದಿದ್ದೇನೆ. ಮುಟ್ಟಬಾರದು ಅಲ್ವಾ?"

ಎದ್ದು ಹೋಗಿ ನೋಡಿದೆ. ಅಷ್ಟು ವರ್ಷಗಳಲ್ಲಿ ನಾನು ಆ ಕಾರಿನ ಒಳಗನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಧೂಳು ಹಿಡಿದ ಪೈಪುಗಳ ನಡುವೆ, ವೈರುಗಳ ಒಂದು ಕಟ್ಟಿಗೆ ಏನೋ ನೇತಾಡುತ್ತಿತ್ತು. ದೊಡ್ಡ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಗಂಟು. ಹೊರಗೆ ಪ್ಲಾಸ್ಟಿಕ್, ಅದರ ಕೆಳಗೆ ಕೆಂಪು ನೂಲು, ನೂಲಿನ ಸಂದಿಯಲ್ಲಿ ಒಣಗಿದ ಬಾಳೆಲೆಯ ಅಂಚು.

"ಇದು ಎಂತದು?" ಎಂದೆ.

ಅವರು ನನ್ನ ಮುಖ ನೋಡಿದರು. "ನೀವು ಕಟ್ಟಿದ್ದಲ್ಲವಾ?"

"ನಾನು ಯಾಕೆ ಕಟ್ಟಲಿ?"

ಗಂಟು ಬಿಚ್ಚಲು ನನ್ನ ಉಗುರಿಗೆ ಆಗಲಿಲ್ಲ. ಕತ್ತರಿ ಕೊಟ್ಟರು. ಪ್ಲಾಸ್ಟಿಕ್ಕಿನೊಳಗೆ ನೀರು ಬೆವರಿ ನಿಂತಿತ್ತು. ಅದರೊಳಗೆ ಪೊಟ್ಟಣದ ಮೇಲೆ ಪೊಟ್ಟಣ. ಮೇಲಿನ ಒಂದೆರಡರಲ್ಲಿ ಬಿಲ್ವಪತ್ರೆಯ ಎಲೆ ಎಲೆಯಾಗಿಯೇ ಉಳಿದಿತ್ತು. ಕೆಳಗಿನದರಲ್ಲಿ ಗಂಧವೂ ದಾಸವಾಳವೂ ಕರಗಿ ಕಪ್ಪು ಮುದ್ದೆಯಾಗಿದ್ದವು. ಅವರು ಟಾರ್ಚ್ ಹಿಡಿದು ತೋರಿಸಿದರು. ಇಷ್ಟು ಭಾರ ಹೊತ್ತ ವೈರು, ಸೆನ್ಸರಿಗೆ ಸಿಕ್ಕಿಸುವ ಕಪ್ಲರನ್ನು ಕೆಳಗೆ ಜಗ್ಗುತ್ತಿತ್ತು. ಗಂಟಿನಿಂದ ಇಳಿದ ನೀರು ಅದರ ಬಾಯಿಗೇ ಹೋಗಿ ಒಳಗಿನ ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಹೆದ್ದಾರಿಯ ಕುಲುಕಿಗೆ ಅದು ಸಡಿಲವಾದಾಗಲೆಲ್ಲ ದೀಪ. ಇಷ್ಟೇ ವಿಷಯ. ಕಣ್ಣಿದ್ದ ಯಾರಿಗಾದರೂ ಕಾಣುವಂಥದ್ದು.

"ಯಾರು ಕಟ್ಟಿದ್ದು ಅಂತ ನಿಮಗೆ ಗೊತ್ತಾಗಲಿಲ್ಲವಾ?" ಎಂದರು ಅವರು ಮೆಲ್ಲಗೆ. "ಬಸ್ಸಿನವರ ಕ್ರಮ ಟೀಚರ್. ಮೊದಲ ಟ್ರಿಪ್ಪಿಗೆ ಮುಂಚೆ ಪ್ರಸಾದ ಎಂಜಿನಿನ ಹತ್ತಿರ ಕಟ್ಟುವುದು. ಗಾಡಿ ದಾರಿಯಲ್ಲಿ ನಿಲ್ಲಬಾರದು ಅಂತ. ಹಳೆಯದನ್ನು ಬಿಚ್ಚಲಿಕ್ಕಿಲ್ಲ, ಅದರ ಮೇಲೆಯೇ ಹೊಸದು. ಆಗಿನ ಎಂಜಿನಿಗೆ ಒಂದು ಬುಟ್ಟಿ ಹೂ ಕಟ್ಟಿದರೂ ಏನೂ ಆಗುತ್ತಿರಲಿಲ್ಲ. ನಿಮ್ಮ ಅಣ್ಣ ಕಟ್ಟುವಾಗ ನಾನು ತಮಾಷೆ ಮಾಡುತ್ತಿದ್ದೆ, ಅವರು ನನಗೆ ಬೈಯುತ್ತಿದ್ದರು."

ಆ ಕಪ್ಪು ಮುದ್ದೆ ನನ್ನ ಕೈಯಲ್ಲೇ ಇತ್ತು. ದೀಪ ಹತ್ತಿದಾಗಲೆಲ್ಲ ಅವನು ಇನ್ನೊಂದು ಕಟ್ಟಿದ್ದ. ಇನ್ನೊಂದು ಕಟ್ಟಿದ್ದಕ್ಕೆ ದೀಪ ಮತ್ತೆ ಹತ್ತುತ್ತಿತ್ತು. ಸಂಜೆಯ ರೇಡಿಯೋ, ಬಾನೆಟ್ಟಿನ ಸದ್ದು, ಕಿಟಕಿಯಿಂದ ಮಾಯವಾಗುತ್ತಿದ್ದ ಪ್ರಸಾದ, ಎಲ್ಲ ಒಮ್ಮೆಗೇ ತಲೆಗೆ ಹೊಕ್ಕವು. ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಅವರು ಬೇರೆ ಕಡೆ ತಿರುಗಿ, ಕಸದ ಬುಟ್ಟಿಗೆ ಹಾಕುವ ವಸ್ತುವಲ್ಲವಲ್ಲ ಎಂದು ಒಂದು ಶುದ್ಧ ಪೇಪರ್ ಹುಡುಕಿ ಕೊಟ್ಟರು. ಪಿನ್ನುಗಳನ್ನು ಉಜ್ಜಿ, ಕಪ್ಲರಿಗೆ ಹೊಸ ಕ್ಲಿಪ್ ಹಾಕಿ ಕಳಿಸಿದರು.

ಬರುವಾಗ ಕಾಪುವಿನ ಗ್ಯಾರೇಜಿನ ಎದುರು ಕಾರು ನಿಲ್ಲಿಸಿದೆ. ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ಬಾನೆಟ್ಟಿನೊಳಗೆ ಒಂದು ಗಂಟು ಇತ್ತು. ನೀವು ನೋಡಿದ್ದಿರಾ?"

"ನೋಡಿದ್ದೆ ಟೀಚರ್. ಬಂದಾಗಲೆಲ್ಲ ಸ್ವಲ್ಪ ದೊಡ್ಡದಾಗಿರುತ್ತಿತ್ತು."

"ಮತ್ತೆ ಹೇಳಬಾರದಾ ಮಾರಾಯರೇ?"

"ಹೇಗೆ ಹೇಳುವುದು? ನೀವು ನಂಬಿ ಕಟ್ಟಿದ್ದು. ಅದನ್ನು ತೆಗೀರಿ ಅಂತ ನಾನು, ಒಬ್ಬ ಬ್ಯಾರಿ ಹೇಳಿದರೆ ಸರಿಯಾಗ್ತದಾ? ಅದಕ್ಕೆ ತಾಗದ ಹಾಗೆ ಕೈ ಹಾಕಿ ಕಪ್ಲರ್ ಒತ್ತಿ ಕೊಡ್ತಿದ್ದೆ. ಆವತ್ತು ಹೇಳುವ ಅಂತ ಬಂದೆ, ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ."

ಮನೆಗೆ ಹೋಗಿ ಉಡುಪಿಯ ವರ್ಕ್‌ಶಾಪಿಗೂ ಫೋನ್ ಮಾಡಿದೆ. ಟೈಯವರು ಒಳಗೆ ಹೋಗಿ ವಿಚಾರಿಸಿ ಬಂದರು. ತೊಳೆಯುವಾಗ ಪ್ರಸಾದಕ್ಕೆ ನೀರು ತಾಗಬಾರದು ಎಂದು ತಮ್ಮವರೇ ಪ್ಲಾಸ್ಟಿಕ್ ಕಟ್ಟಿದ್ದಾರೆ, ಬೇರೆ ಏನೂ ಮುಟ್ಟಿಲ್ಲ ಮೇಡಂ, ಎಂದರು. ಆ ಧ್ವನಿಯಲ್ಲಿ ಒಂದು ಹೆಮ್ಮೆಯೂ ಇತ್ತು. ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಯಾರ ಮೇಲೆ ಸಿಟ್ಟು ಮಾಡುವುದು? ಇಡೀ ಜಿಲ್ಲೆಯೇ ಸೇರಿ ನನ್ನ ಭಕ್ತಿಗೆ ನೋವಾಗದಂತೆ ನೋಡಿಕೊಂಡಿತ್ತು. ನನಗೆ ಆ ಭಕ್ತಿ ಇರಲೇ ಇಲ್ಲ.

ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಅವನಿಗೆ ಡಾಕ್ಟರು ಅಳತೆ ಹಾಕಿ ಕೊಟ್ಟಷ್ಟು ನೀರು ಒಂದು ಸಣ್ಣ ಬಾಟಲಿಯಲ್ಲಿ ಪಕ್ಕದಲ್ಲಿತ್ತು. ನಾನು ಪೇಪರ್ ಬಿಚ್ಚಿ ಅವನ ಎದುರು ಇಟ್ಟೆ. ನೋಡಿದ.

"ಇದರಿಂದಲೇ ಅಂತೆ," ಎಂದೆ. "ದೀಪ."

"ಹೌದಾ?" ಎಂದ. ಮತ್ತೆ, "ಛೆ," ಎಂದ. ಬಿಲ್ವದ ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದ. "ಎಂಜಿನಿಗೆ ಕಟ್ಟಿದ್ದು. ವೈರು ಅಂತ ಗಮನಿಸಲಿಲ್ಲ. ಈಗಿನ ಗಾಡಿಯಲ್ಲಿ ಕಟ್ಟಲಿಕ್ಕೂ ಸರಿಯಾದ ಜಾಗ ಇಲ್ಲ ಮಾರಾಯ್ತಿ."

"ತಿರುಗಿಸು, ಬೇಡ, ನಿಲ್ಲಿಸುವ ಎಂದು ಬಾಯಿಬಡಿದುಕೊಂಡವನು ನೀನೇ ಅಲ್ಲವಾ? ಮತ್ತೆ ಕಾರು ನಿಲ್ಲಬಾರದು ಅಂತ ಯಾಕೆ ಕಟ್ಟಿದೆ?"

ನನ್ನ ಧ್ವನಿ ಏರಿತ್ತು. ಎದುರು ಮನೆಯವರು ಕಿಟಕಿಯಿಂದ ನೋಡಿದರೂ ನೋಡಲಿ ಎನ್ನಿಸಿತು. ಅಣ್ಣ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ, ಮತ್ತೆ ಹಾಕಿದ.

"ನಿನಗೆ ಸಾಕಾಗಿದೆ," ಎಂದ. "ನನಗೆ ಕಾಣುತ್ತದೆ. ನೀನು ಬಾಯಿಬಿಟ್ಟು ಹೇಳುವವಳಲ್ಲ. ಹಾಗಾಗಿ ನಾನೇ ಹೇಳುತ್ತಿದ್ದೆ. ನೀನು ಹೂಂ ಎಂದರೆ ತಿರುಗಿಸಿಕೊಂಡು ಬರುವುದು ಅಂತ."

"ನಾನು ಹೂಂ ಎಂದಿದ್ದರೆ?"

"ಅನ್ನಬಾರದು ಅಂತ ಇದು," ಎಂದು ಪೇಪರಿನ ಕಡೆ ಕೈ ಮಾಡಿದ. "ಹೋಗಿ ತಲುಪಬೇಕಲ್ಲ."

ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಅನ್ನಕ್ಕೆ ನೀರಿಟ್ಟು, ಒಲೆ ಹೊತ್ತಿಸುವುದನ್ನು ಮರೆತು, ಅದರ ಎದುರೇ ನಿಂತುಕೊಂಡಿದ್ದೆ. ಅವನು ಕಂಡದ್ದು ಸುಳ್ಳಲ್ಲ. ನನಗೆ ಸಾಕಾಗಿತ್ತು. ಈಗಲೂ ಸಾಕಾಗಿದೆ. ಅವನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕಟಪಾಡಿ ದಾಟುವಾಗಲೆಲ್ಲ ನನಗೆ ಬಿಡುಗಡೆಯ ಬಾಗಿಲು ತೆರೆದು ತೋರಿಸಿ, ನಾನು ಹೊರಗೆ ಹೋಗದಿರಲಿ ಎಂದು ಒಳಗೊಳಗೇ ಹೆದರಿ ಕುಳಿತಿದ್ದ. ಆ ಮುದುಕನ ಮೇಲೆ ನನಗೆ ತಡೆಯಲಾಗದಷ್ಟು ಸಿಟ್ಟು ಬಂತು, ಅಷ್ಟೇ ಪ್ರೀತಿಯೂ ಬಂತು. ಪ್ರಸಾದವನ್ನು ಅವನು ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕಿ ಕೈ ತೊಳೆದ ಸದ್ದು ಕೇಳಿಸಿತು.

ಮರುದಿನ ಗುರುವಾರ. ಬೆಳಗ್ಗೆ ಹೊರಡಿಸಲು ಜಗಳವಾಡಬೇಕಾಗಲಿಲ್ಲ. ನಾನು ಎದ್ದಾಗಲೇ ಅಂಗಿ ಹಾಕಿ ಜಗಲಿಯಲ್ಲಿ ಚಪ್ಪಲಿ ಮೆಟ್ಟಿ ಕುಳಿತಿದ್ದ. ನನಗೆ ಹಿಂದಿನ ದಿನದ ದಣಿವು ಇಳಿದಿರಲಿಲ್ಲ, ಕಣ್ಣು ಉರಿಯುತ್ತಿತ್ತು. ಹೆದ್ದಾರಿಗೆ ಬಂದೆವು. ಇಬ್ಬರೂ ಮೀಟರಿನ ಆ ಮೂಲೆಯನ್ನೇ ನೋಡುತ್ತಿದ್ದೆವು. ಕಟಪಾಡಿ ಬಂತು, ಹೋಯಿತು. ಗಿಂಡಿಯ ದೀಪ ಹತ್ತದೆ ಕಪ್ಪಾಗಿಯೇ ಇತ್ತು. ಸೇತುವೆ ದಾಟುವಾಗ ಅಣ್ಣ ಗಂಟಲು ಸರಿಮಾಡಿಕೊಂಡ. ಇನ್ನು ಅವನಿಗೆ ಹೇಳಲು ಯಾವ ನೆಪವೂ ಉಳಿದಿರಲಿಲ್ಲ, ನನಗೂ ಇರಲಿಲ್ಲ. ಉಡುಪಿ ಕಳೆದು ಇಂದ್ರಾಳಿಯ ಹತ್ತಿರ ಮುಂದೆ ಒಂದು ಬಸ್ಸು ಜನ ಇಳಿಸುತ್ತ ನಿಂತಿತ್ತು. ನಾನು ಅದರ ಹಿಂದೆ ನಿಧಾನ ಮಾಡಿದೆ.

ಅಣ್ಣ ಕೈಗಡಿಯಾರ ನೋಡಿಕೊಂಡ. ಬಸ್ಸನ್ನು ನೋಡಿದ. ಆಮೇಲೆ ತನ್ನ ಬಲಗಾಲನ್ನು, ಅಲ್ಲಿ ಆಕ್ಸಿಲರೇಟರ್ ಇದೆಯೋ ಎಂಬಂತೆ, ಮುಂದಕ್ಕೆ ಒತ್ತಿ ಹಿಡಿದ.

"ಒತ್ತು ಮಾರಾಯ್ತಿ," ಎಂದ. "ಎಂತ ದಿಬ್ಬಣ ಹೊರಟದ್ದಾ? ಟೈಮ್ ಆಯಿತು."